ಖಾಲಿ ಮೊಳೆ

ಅವನು ಮೊದಲ ಸಲ ಎದ್ದು ಹೊರಟದ್ದು ಒಂದು ಶನಿವಾರ, ಬೆಳಗಿನ ಶಾಲೆಯ ಹೊತ್ತಿನಲ್ಲಿ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಗ್ಗಿ ಬರೆಯುತ್ತಿದ್ದರು, ಹುಡುಗರು ರಾಗ ಎಳೆದು ಒಪ್ಪಿಸುತ್ತಿದ್ದರು, ಕಿಟಕಿಯಾಚೆ ಕರೆಂಟಿನ ಕಂಬಗಳು ಒಂದರ ಬೆನ್ನಿಗೊಂದು ಗುಡ್ಡ ಹತ್ತಿ ಆ ಕಡೆ ಇಳಿದುಹೋಗಿದ್ದವು. ಈ ತಂತಿ ಎಲ್ಲಿ ಮುಗಿಯುತ್ತದೋ ನೋಡಿಕೊಂಡು ಬರೋಣ ಅಂತ ಎದ್ದ. ಅಷ್ಟೇ. ಯಾರೂ ಬೈದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಮನೆಯಲ್ಲಿ ಅಕ್ಕ ಅವನ ಪಾಲಿನ ಮುದ್ದೆಯನ್ನು ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಕಾದಿದ್ದಳೋ ಏನೋ.

ತಂತಿ ಎಲ್ಲೂ ಮುಗಿಯಲಿಲ್ಲ. ಒಂದೂರಿನಲ್ಲಿ ಮುಗಿದ ಹಾಗೆ ಕಂಡರೆ ಅಲ್ಲೇ ಕವಲೊಡೆದು ಇನ್ನೆರಡು ಊರಿಗೆ ಹೋಗಿರುತ್ತಿತ್ತು. ಅವನೂ ಹೋದ. ಏಣಿ ಹಿಡಿದ, ವೈರು ಸುಲಿದ, ಕಬ್ಬಿಣದ ಪೆಟ್ಟಿಗೆಗಳೊಳಗೆ ತಲೆ ಹಾಕಿ ಕೆಲಸ ಕಲಿತ. ಮೋಟಾರು ಓಡಿಸುವ, ನಿಲ್ಲಿಸುವ, ಹೆಚ್ಚುಕಮ್ಮಿಯಾದರೆ ಕರೆಂಟು ಕಡಿಯುವ ಸ್ವಿಚ್ಚುಗಳೆಲ್ಲ ಸಾಲಾಗಿ ಕೂತಿರುವ ಪೆಟ್ಟಿಗೆಗಳು. ಪೆಟ್ಟಿಗೆ ಎಲ್ಲ ಊರಿಗೂ ಬೇಕು. ಅದನ್ನು ಕಟ್ಟಿದವನು ಆಮೇಲೆ ಯಾವ ಊರಿಗೂ ಬೇಡ. ಮೀಸೆ ಬಂತು, ಮೀಸೆ ನರೆಯಿತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಅಂತ ಕಂಡವರು ನಗುತ್ತಿದ್ದರು. ಚಕ್ರವೂ ಸವೆಯುತ್ತದೆ ಅನ್ನುವ ಮಾತನ್ನು ಯಾರೂ ಆಡಲಿಲ್ಲ. ಈಚೆಗೆ ಬೆಳಗಾಗೆದ್ದರೆ ಅವನಿಗಿಂತ ಮೊದಲು ಅವನ ಮಂಡಿಗಳೇ ಮಾತಾಡುತ್ತಿದ್ದವು: ಸಾಕು, ಎಲ್ಲಾದರೂ ಕೂರು.

ಹಾಗೆ ದಣಿದು ಬಂದು ಅವನು ಆ ಊರು ಮುಟ್ಟಿದ.

ಊರಬಾಗಿಲಲ್ಲಿ ಒಬ್ಬ ಹೆಂಗಸು ನೆಲದಲ್ಲಿ ತೋಡಿದ ಗುಂಡಿಗೆ ಕೊಡದಿಂದ ನೀರು ಹುಯ್ಯುತ್ತಿದ್ದಳು. ಗುಂಡಿಯಲ್ಲಿ ಉಪ್ಪು, ಇದ್ದಿಲು. ನಡುವೆ ಇಳಿದ ತಾಮ್ರದ ಪಟ್ಟಿ. ಅದು ದಾರಿ ತಪ್ಪಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಗುಂಡಿ ಅಂತ ಅವನಿಗೆ ಗೊತ್ತು. ಆದರೂ ಕೇಳಿದ: "ಏನಮ್ಮ, ನೆಲಕ್ಕೆ ಬಾಯಾರಿಕೆಯಾ?"

"ನೆಲಕ್ಕಲ್ಲ, ಹಸಿರು ತಂತಿಗೆ," ಅಂದಳು ನೀರಿನವಳು. "ನಿನಗೆ?"

"ನನಗೂ."

"ಮೊದಲು ಅದಕ್ಕೆ. ಆಮೇಲೆ ನಿನಗೆ."

ಗುಂಡಿ ನೆನೆದ ಮೇಲೆ ಅವನ ಬೊಗಸೆಗೆ ಹುಯ್ದಳು. ತುಂಬಾ ಹುಯ್ಯಲಿಲ್ಲ, ಬೊಗಸೆಯ ಅಂಚಿಗೆ ಒಂದು ಬೆರಳು ಉಳಿಸಿ ನಿಲ್ಲಿಸಿದಳು. ಕೊಡದಲ್ಲಿ ನೀರಿತ್ತು, ಆದರೂ ಅಷ್ಟೇ.

ಆ ಊರಿನ ಕಟ್ಟಳೆ ಒಂದೇ ಒಂದು: ಯಾವುದನ್ನೂ ಪೂರ್ತಿ ತುಂಬಬಾರದು. ಕೊಡ ಕಂಠದವರೆಗೆ, ಚೀಲ ಬಾಯಿಗಿಂತ ಕೆಳಗೆ. ಪಂಕ್ತಿಯಲ್ಲಿ ಯಾರೂ ಕೂರದ ಒಂದು ಎಲೆ, ಬೀದಿಯಲ್ಲಿ ಯಾರೂ ಇರದ ಒಂದು ಮನೆ, ಮನೆಯಲ್ಲಿ ಯಾರೂ ಏನೂ ಇಡದ ಒಂದು ಮೂಲೆ. ಆ ಊರಿನ ತಾಯಂದಿರು ಜೋಗುಳದ ಕೊನೆಯ ಸಾಲನ್ನು ಹಾಡುತ್ತಿರಲಿಲ್ಲ. ಮಕ್ಕಳು ಅದಕ್ಕೆ ಕಾಯುತ್ತ ಕಾಯುತ್ತ ನಿದ್ದೆ ಹೋಗುತ್ತಿದ್ದವು. ಊರಿನ ಕರೆಂಟಿನ ಪೆಟ್ಟಿಗೆಯಲ್ಲೂ ಒಂದು ಮೂಲೆ ಖಾಲಿ. ಈ ಕಟ್ಟಳೆ ಪೆಟ್ಟಿಗೆಯಿಂದ ಊರಿಗೆ ಬಂತೋ, ಊರಿನಿಂದ ಪೆಟ್ಟಿಗೆಗೆ ಹೋಯಿತೋ ಹೇಳುವವರು ಯಾರೂ ಉಳಿದಿರಲಿಲ್ಲ.

ನೀರಿನವಳು ಅವನನ್ನು ಬೀದಿಯ ಖಾಲಿ ಮನೆಗೆ ಕರೆದುಕೊಂಡು ಹೋದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆ.

"ಗಂಟು ಇಲ್ಲಿ ತೂಗುಹಾಕು. ಬಿಚ್ಚಬೇಡ. ಬಿಚ್ಚದೆ ಎಷ್ಟು ದಿನ ಬೇಕಾದರೂ ಇರು. ನೀನು ಇದ್ದ ಹಾಗೂ ಆಯಿತು, ಮನೆ ಖಾಲಿ ಇದ್ದ ಹಾಗೂ ಆಯಿತು. ಇನ್ನೊಬ್ಬ ದಾರಿಯವನು ಬಂದ ದಿನ ನಿನ್ನ ಗಂಟು ಇಳಿಸಿ ಅವನ ಗಂಟಿಗೆ ಮೊಳೆ ಬಿಟ್ಟುಕೊಡು."

"ಬಿಚ್ಚಿದರೆ?"

"ಬಿಚ್ಚಿದರೆ ಮನೆ ತುಂಬಿತು. ಇಲ್ಲಿಯವರೆಗೆ ಯಾರೂ ತುಂಬಿಲ್ಲಪ್ಪ."

ಅವನು ಗಂಟನ್ನು ಮೊಳೆಗೆ ಹಾಕಿದ. ಅವತ್ತಿನಿಂದ ಊರು ಅವನನ್ನು ಗಂಟಿನವನು ಅಂತ ಕರೆಯಿತು.

ಆ ಊರಿನಲ್ಲಿ ನೀರು ಪಾತಾಳದಲ್ಲಿತ್ತು. ಅದನ್ನು ಮೇಲೆತ್ತುವುದು ಒಂದೇ ಒಂದು ದೊಡ್ಡ ಮೋಟಾರು, ಆ ಮೋಟಾರನ್ನು ಆಳುವುದು ಒಂದು ದೊಡ್ಡ ಪೆಟ್ಟಿಗೆ. ಹಳೆಯ ಪೆಟ್ಟಿಗೆ ತುಕ್ಕು ಹಿಡಿದಿತ್ತು. ಹೊಸದು ಕಟ್ಟಬೇಕಿತ್ತು. ಪೆಟ್ಟಿಗೆಯನ್ನು ಕಾಯುತ್ತಿದ್ದವನು ಅಂಗೈ ಅಜ್ಜ. ಅಜ್ಜನ ಕಣ್ಣು ಮಂಜಾಗಿತ್ತು, ಅಂಗೈ ಮಾತ್ರ ಚುರುಕಾಗಿತ್ತು. ದಿನಾ ಮುಸ್ಸಂಜೆಗೆ ಪೆಟ್ಟಿಗೆಯ ಬಾಗಿಲ ಮೇಲೆ ಅಂಗೈ ಊರಿ, ಒಂದು ಉಸಿರು ಎಳೆದು, ಒಂದು ಉಸಿರು ಬಿಟ್ಟು, "ತಣ್ಣಗಿದೆ" ಅನ್ನುತ್ತಿದ್ದ. ಮೊದಲ ಮನೆಯವರು "ತಣ್ಣಗಿದೆ" ಅನ್ನುತ್ತಿದ್ದರು. ಎರಡನೆಯ ಮನೆಯವರು ಅದನ್ನು ಎತ್ತಿಕೊಳ್ಳುತ್ತಿದ್ದರು. ತಣ್ಣಗಿದೆ, ತಣ್ಣಗಿದೆ, ತಣ್ಣಗಿದೆ, ಬೀದಿಯುದ್ದಕ್ಕೂ ಮಾತು ಹರಿದು ಊರ ಕೊನೆ ಮುಟ್ಟಿದ ಮೇಲೆ ದೀಪ ಹಾಕುತ್ತಿದ್ದರು.

ಅಜ್ಜ ಗಂಟಿನವನ ಕೈ ಮುಟ್ಟಿ ನೋಡಿದ. "ಗಟ್ಟಿ ಕೈ. ಶಾಲೆ?"

"ನಡುವೆ ಎದ್ದು ಬಂದೆ."

"ಒಳ್ಳೇದಾಯಿತು ಬಿಡು, ನಿನ್ನ ತಲೆಯಲ್ಲೂ ಸ್ವಲ್ಪ ಜಾಗ ಖಾಲಿ ಇದೆ," ಅಂತ ನಕ್ಕು ಕೆಲಸ ಕೊಟ್ಟ.

ಅಜ್ಜ ಹೇಳುತ್ತಿದ್ದ, ಗಂಟಿನವನು ಕಟ್ಟುತ್ತಿದ್ದ. ದಿನವೂ ಅದೇ ಮಾತು, ದಿನವೂ ಅದೇ ರಾಗ. "ಕೆಂಪು, ಹಳದಿ, ನೀಲಿ, ಈ ಮೂವರೂ ಬಿಸಿಯವರು. ಒಬ್ಬರನ್ನೊಬ್ಬರು ಮುಟ್ಟಬಾರದು, ನಡುವೆ ಗಾಳಿ ಇರಬೇಕು. ಕಪ್ಪು, ಹೋದವರನ್ನು ಮನೆಗೆ ತಿರುಗಿ ಕರೆತರುವವನು. ದೊಡ್ಡ ಹೊರೆಗೆ ದಪ್ಪ ತಂತಿ, ಸಣ್ಣ ಹೊರೆಗೆ ಸಣ್ಣದು. ಹ್ಯಾಂಡಲ್ ಇಳಿಸಿ ಕರೆಂಟು ಕಡಿಯದೆ ಬಾಗಿಲು ತೆರೆಯಬಾರದು. ಕರೆಂಟಿರುವ ಯಾವುದೂ ಬೆರಳಿಗೆ ಸಿಗಬಾರದು. ಪ್ರತಿ ತಂತಿಗೂ ಎರಡೂ ತುದಿಯಲ್ಲಿ ಹೆಸರು: ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು." ಇಲ್ಲಿ ಅಜ್ಜ ನಿಲ್ಲಿಸಿ ಕೇಳುತ್ತಿದ್ದ, "ನಿನ್ನ ಆ ತುದಿಗೆ ಏನಯ್ಯ ಬರೆಯೋದು?"

"ಇನ್ನೂ ಗೊತ್ತಾಗಿಲ್ಲಜ್ಜ."

"ಹೆಸರಿಲ್ಲದ ತುದಿ ಕೈ ಸುಡುತ್ತೆ, ನೋಡ್ಕೋ. ಇನ್ನು ಹಸಿರು. ಪೆಟ್ಟಿಗೆಗೊಂದು ಹಸಿರು ಇದ್ದರೆ ಸಾಲದು, ಬಾಗಿಲಿಗೂ ಬೇರೆ ಒಂದು ಕಟ್ಟಬೇಕು. ಬಾಗಿಲ ಕೀಲು ನಂಬಿ ಕೂರಬಾರದು."

"ಹಸಿರು ಏನು ಮಾಡುತ್ತೆ ಅಜ್ಜ?" ಅವನಿಗೆ ಗೊತ್ತಿತ್ತು, ಅಜ್ಜನ ಬಾಯಲ್ಲಿ ಕೇಳುವ ಆಸೆ.

"ಏನೂ ಮಾಡಲ್ಲ. ಜೀವಮಾನ ಪೂರ್ತಿ ಏನೂ ಮಾಡಲ್ಲ. ಒಂದು ದಿನ ಮಾತ್ರ ಮಾಡುತ್ತೆ. ಇನ್ನು ಮೂಲೆ. ಐದರಲ್ಲಿ ಒಂದು ಪಾಲು ಖಾಲಿ ಬಿಡು. ಅದು ಬರುವವರ ಜಾಗ. ಬರುವವರೆಗೆ ಪೆಟ್ಟಿಗೆ ಅಲ್ಲಿಂದಲೇ ಉಸಿರಾಡೋದು."

ಹೊಸ ಪೆಟ್ಟಿಗೆ ನಿಂತಿತು. ಬಾಗಿಲಿಗೆ ಅವನು ಹಸಿರು ತಂತಿಯನ್ನು ಹೆಣ್ಣುಮಗಳ ಜಡೆಯ ಹಾಗೆ ಹೆಣೆದು ಬಿಗಿದಿದ್ದ. ಬಲಗಡೆ ಕೆಳಮೂಲೆ ಖಾಲಿ. ಅಜ್ಜ ಅಂಗೈ ಊರಿದ. ತಣ್ಣಗಿದೆ ಅಂದ. ಊರು ತಣ್ಣಗಿದೆ ಅಂದಿತು. ನಲ್ಲಿಗಳಲ್ಲಿ ನೀರು ಬಂತು.

ಕೆಲಸ ಮುಗಿದ ಮೇಲೂ ಯಾರೂ ಅವನಿಗೆ ಹೋಗು ಅನ್ನಲಿಲ್ಲ. ಅದು ಅವನಿಗೆ ಹೊಸದು. ಬೆಳಿಗ್ಗೆ ನೀರಿನವಳ ಜೊತೆ ಗುಂಡಿಗೆ ಉಪ್ಪು ಹಾಕುತ್ತಿದ್ದ, ಹಗಲು ಬೀದಿಯ ಸಣ್ಣ ಪೆಟ್ಟಿಗೆಗಳ ತಿರುಪು ಬಿಗಿಯುತ್ತಿದ್ದ, ಸಂಜೆಯಾದರೆ ಮನೆ ಮುಂದೆ ಕೂತು ದಾರಿ ನೋಡುತ್ತಿದ್ದ. ಬೇರೆಯವರು ಬರುವವರಿಗಾಗಿ ದಾರಿ ನೋಡುತ್ತಾರೆ, ಇವನು ಯಾರೂ ಬಾರದಿರಲಿ ಅಂತ ನೋಡುತ್ತಿದ್ದ. ದೂರದಲ್ಲಿ ಧೂಳೆದ್ದರೆ ಎದ್ದು ನಿಲ್ಲುತ್ತಿದ್ದ. ಅದು ಆಡಿನ ಹಿಂಡು ಅಂತ ಗೊತ್ತಾದ ಮೇಲೆ ಮತ್ತೆ ಕೂರುತ್ತಿದ್ದ. ಹೀಗೆ ಇದ್ದೂ ಇಲ್ಲದ ಹಾಗೆ ಇರುವುದು ನಡೆಯುವುದಕ್ಕಿಂತ ದಣಿವು ಅಂತ ಅವನಿಗೆ ನಿಧಾನವಾಗಿ ತಿಳಿಯಿತು. ಒಮ್ಮೆ, ಒಂದೇ ಒಂದು ಸಲ ಗಂಟು ಬಿಚ್ಚಿ, ಇಕ್ಕಳವನ್ನು ಗೂಡಿನಲ್ಲಿಟ್ಟು, ಅಂಗಿಯನ್ನು ಹಗ್ಗದ ಮೇಲೆ ಹಾಕಿ, ಬೆಳಗಾಗೆದ್ದು ಅವು ಇಟ್ಟಲ್ಲೇ ಇರುವುದನ್ನು ನೋಡಬೇಕು. ಅಷ್ಟೇ ಅವನಿಗೆ ಬೇಕಿದ್ದದ್ದು.

ಇದನ್ನು ಮೊದಲು ಮೂಸಿದವನು ಗಿರಣಿಯವನು. ಕೆಟ್ಟವನಲ್ಲ, ಅವಸರದವನು. ಕೆಳಗಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಹಾಕಿಸಿದ್ದ. ಅದಕ್ಕೆ ಬೇರೆ ಪೆಟ್ಟಿಗೆ ಕಟ್ಟಿಸಬೇಕಿತ್ತು, ಅಷ್ಟು ದಿನ ಕಾಯಲಾರ.

"ನಿನ್ನ ದೊಡ್ಡ ಪೆಟ್ಟಿಗೆಯಲ್ಲಿ ಒಂದು ಮೂಲೆ ಸುಮ್ಮನೆ ಬಿದ್ದಿದೆಯಲ್ಲ ಗಂಟಣ್ಣ," ಅಂದ, ಅವನ ಪಕ್ಕ ಕೂತು ಎಲೆಗೆ ಸುಣ್ಣ ಸವರುತ್ತ. "ನನ್ನ ಗಿರಣಿಯ ಸ್ವಿಚ್ಚು ಅಲ್ಲಿ ಕೂರಿಸು. ಸುಗ್ಗಿ ಆಗಲಿ, ಬೇರೆ ಪೆಟ್ಟಿಗೆ ಕಟ್ಟಿದರಾಯಿತು."

"ಅದು ಬರುವವರ ಜಾಗ."

"ನಾನು ಬಂದಿದ್ದೀನಲ್ಲ, ಕಾಣಲ್ಲವಾ? ಇನ್ನು ಯಾವ ದೇವಲೋಕದಿಂದ ಬರಬೇಕು?" ಎಲೆ ಮಡಿಸಿ ಬಾಯಿಗಿಟ್ಟುಕೊಂಡ. ಮೊಳೆಯ ಮೇಲಿನ ಗಂಟು ನೋಡಿದ. "ನಿನ್ನ ಕಥೆಯೂ ಅದೇ ನೋಡು. ಪಂಚಾಯ್ತಿಯಲ್ಲಿ ನಾನು ಒಂದು ಮಾತು ಎತ್ತುತ್ತೇನೆ. ಊರೇ ಬಂದು ನಿನ್ನ ಗಂಟು ಬಿಚ್ಚಲಿ. ಆಮೇಲೆ ಯಾವ ದಾರಿಯವನು ಬಂದರೂ ನಿನ್ನನ್ನು ಎಬ್ಬಿಸೋ ಹಾಗಿಲ್ಲ. ಖಾಲಿ ಮನೆ ಇನ್ನೊಂದು ಕಟ್ಟಿದರಾಯಿತು, ಸುಗ್ಗಿ ಆಗಲಿ."

ಆ ರಾತ್ರಿ ಗಂಟಿನವನು ಮಲಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ಮಲಗಿದ. ಬೆಳಿಗ್ಗೆದ್ದು ಹ್ಯಾಂಡಲ್ ಇಳಿಸಿ, ಬಾಗಿಲು ತೆರೆದು, ಖಾಲಿ ಮೂಲೆಯಲ್ಲಿ ಗಿರಣಿಯ ಸ್ವಿಚ್ಚು ಕೂರಿಸಿದ. ಅಚ್ಚುಕಟ್ಟಾಗಿ ಕೂರಿಸಿದ, ಎರಡೂ ತುದಿಗೆ ಹೆಸರು ಬರೆದ. ಜಾಗ ಅಳತೆ ಮಾಡಿಟ್ಟ ಹಾಗೆ ಸರಿಯಾಗಿ ತುಂಬಿತು. ಎಷ್ಟು ಚಂದ ತುಂಬಿತೆಂದರೆ, ಬಾಗಿಲು ಮುಚ್ಚುವ ಮೊದಲು ಅವನು ಒಂದು ಗಳಿಗೆ ನಿಂತು ನೋಡಿದ.

ಗಿರಣಿಯವನು ಹೇಳಿದ ಹಾಗೆ ಊರಿನವರು ಬಂದರು. ಅವನೆಂದರೆ ಅವರಿಗೆ ನಿಜವಾಗಿಯೂ ಇಷ್ಟ. ಹಲವು ಕೈ ಸೇರಿ ಗಂಟು ಬಿಚ್ಚಿದವು. ಒಳಗೆ ಒಂದು ಇಕ್ಕಳ, ಎರಡು ಸ್ಕ್ರೂಡ್ರೈವರು, ಒಂದು ಅಂಗಿ, ಬಣ್ಣಬಣ್ಣದ ಟೇಪು. ಇಷ್ಟೇನಾ ಅಂತ ಮಕ್ಕಳಿಗೆ ನಿರಾಸೆ. ನೀರಿನವಳು ಮಾತ್ರ ದೂರ ನಿಂತಿದ್ದಳು.

"ಯಾಕೆ, ನಿನಗೆ ಸಂತೋಷವಿಲ್ಲವಾ?" ಅಂತ ಅವನು ಕೇಳಿದ.

"ಇದೆ. ಆದರೆ ಮೊಳೆ ಬರಿದಾಗಿ ಕಾಣುತ್ತೆ."

ಅವತ್ತು ಮುಸ್ಸಂಜೆಗೆ ಅಂಗೈ ಅಜ್ಜ ಬಾಗಿಲ ಮೇಲೆ ಅಂಗೈ ಊರಿದ. ಒಂದು ಉಸಿರು ಎಳೆದ, ಬಿಟ್ಟ. ಮತ್ತೆ ಎಳೆದ. "ಬೆಚ್ಚಗಿದೆ," ಅಂದ.

ಮೊದಲ ಮನೆಯವರು "ತಣ್ಣಗಿದೆ" ಅಂದರು. ಎರಡನೆಯ ಮನೆಯವರು "ತಣ್ಣಗಿದೆ" ಅಂದರು. ಅಜ್ಜಂದಿರ ಕಾಲದಿಂದ ಆ ಹೊತ್ತಿಗೆ ಬರುವುದು ಅದೊಂದೇ ಮಾತು. ಬಾಯಿಗೆ ಗೊತ್ತಿರುವುದನ್ನು ಕಿವಿ ಯಾಕೆ ಕೇಳಬೇಕು? ತಣ್ಣಗಿದೆ, ತಣ್ಣಗಿದೆ, ಊರ ಕೊನೆಯವರೆಗೆ ಹೋಯಿತು. ದೀಪಗಳು ಹತ್ತಿದವು. ಅಜ್ಜ ಕತ್ತಲಲ್ಲಿ ನಿಂತು ಆ ಸದ್ದು ದೂರ ಹೋಗುವುದನ್ನು ಕೇಳಿದ.

"ಒಳಗೆ ಯಾರೋ ಬಂದಿದ್ದಾರೆ ಕಣಯ್ಯ," ಅಂದ ಗಂಟಿನವನ ಕಡೆ ತಿರುಗಿ.

"ಬೇಸಿಗೆ ಅಲ್ಲವಾ ಅಜ್ಜ," ಅಂದ ಅವನು.

ಮರುದಿನವೂ ಅಜ್ಜ ಬೆಚ್ಚಗಿದೆ ಅಂದ, ಊರು ತಣ್ಣಗಿದೆ ಅಂದಿತು. ಅದರ ಮರುದಿನವೂ. ಗಿರಣಿ ಓಡುತ್ತಿತ್ತು, ಹಿಟ್ಟು ನುಣ್ಣಗೆ ಬೀಳುತ್ತಿತ್ತು, ಗಿರಣಿಯವನು ಗಂಟಿನವನ ಮನೆಗೆ ರಾಗಿ ಹಿಟ್ಟು ಕಳಿಸುತ್ತಿದ್ದ. ಬೆಳಗಾಗೆದ್ದರೆ ಇಕ್ಕಳ ಇಟ್ಟಲ್ಲೇ ಇರುತ್ತಿತ್ತು. ಅದನ್ನು ನೋಡಿದರೆ ಆಗಬೇಕಿದ್ದ ಸಮಾಧಾನ ಬರುವ ದಾರಿಯಲ್ಲಿ ಎಲ್ಲೋ ನಿಂತುಬಿಟ್ಟಿತ್ತು. ಅವನೇ ಈಗ ಪೆಟ್ಟಿಗೆಯ ಬಾಗಿಲು ಮುಟ್ಟಲು ಹೆದರುತ್ತಿದ್ದ. ಬಿಚ್ಚೋಣ, ಆ ಸ್ವಿಚ್ಚು ಕೀಳೋಣ ಅಂತ ಹೋಗುತ್ತಿದ್ದ. ಸ್ವಿಚ್ಚು ಕಿತ್ತರೆ ಇಕ್ಕಳವೂ ಗೂಡಿನಿಂದ ಏಳಬೇಕಲ್ಲ ಅಂತ ತಿರುಗಿ ಬರುತ್ತಿದ್ದ.

ಸುಗ್ಗಿ ಬಂತು, ಹೋಯಿತು. ಬೇರೆ ಪೆಟ್ಟಿಗೆಯ ಮಾತು ಯಾರೂ ಎತ್ತಲಿಲ್ಲ. ಬೇರೆ ಮನೆಯ ಮಾತೂ ಯಾರೂ ಎತ್ತಲಿಲ್ಲ.

ಒಂದು ಮುಸ್ಸಂಜೆ ಅಜ್ಜ ಬಾಗಿಲ ಮೇಲೆ ಅಂಗೈ ಊರಿದ. ಒಳಗೆ ಒತ್ತೊತ್ತಾಗಿ ಬೇಯುತ್ತಿದ್ದ ತಂತಿಗಳಲ್ಲಿ ಕೆಂಪಿನ ಸಿಪ್ಪೆ ಕರಗಿ, ಬೆತ್ತಲೆ ತಾಮ್ರ ಬಾಗಿಲ ತಗಡಿಗೆ ತಾಗಿತು. ಮೋಟಾರಿನ ಬಲವೆಲ್ಲ ಬಾಗಿಲಿಗೆ ಬಂತು. ಬಾಗಿಲ ಮೇಲೆ ಅಜ್ಜನ ಅಂಗೈ ಇತ್ತು.

ಹಸಿರು ತನ್ನ ಒಂದು ದಿನದ ಕೆಲಸ ಮಾಡಿತು. ಜಡೆಯ ಹಾಗೆ ಹೆಣೆದಿದ್ದ ಆ ತಂತಿ ಬಂದದ್ದನ್ನೆಲ್ಲ ಎಳೆದುಕೊಂಡು, ತಾಮ್ರದ ಪಟ್ಟಿಗುಂಟ ಓಡಿ, ಬೆಳಿಗ್ಗೆಯಷ್ಟೇ ನೀರು ಕುಡಿದಿದ್ದ ಗುಂಡಿಯ ನೆಲಕ್ಕೆ ಇಳಿಸಿತು. ಕರೆಂಟು ಕಡಿಯುವ ದೊಡ್ಡ ಬ್ರೇಕರು ಧಡ್ ಅಂತ ಬಿತ್ತು. ಮೋಟಾರು ನಿಂತಿತು. ಸುಟ್ಟ ವಾಸನೆ. ಅಜ್ಜ ಹಾಗೇ ನಿಂತಿದ್ದ, ಅಂಗೈ ಇನ್ನೂ ಬಾಗಿಲ ಮೇಲೇ ಇತ್ತು.

ಅಜ್ಜನ ಬಾಯಿಂದ ಮಾತು ಹೊರಡಲಿಲ್ಲ. ಮೊದಲ ಮನೆಯವರು ಕಾದರು. ಎರಡನೆಯವರು ಕಾದರು. ಬೀದಿಯುದ್ದಕ್ಕೂ ಜನ ಬಾಗಿಲಲ್ಲಿ ನಿಂತು, ಮೊದಲ ಸಲ, ಕಿವಿಗೊಟ್ಟರು.

ಗಂಟಿನವನು ಓಡಿ ಬಂದ. ಅಜ್ಜ ಅವನ ಕಡೆ ತಿರುಗಿದ.

"ಬಾಗಿಲಿಗೆ ಹಸಿರು ಹೆಣೆದವನು ನೀನೇ ಅಲ್ಲವಾ?"

"ಹೌದಜ್ಜ."

"ಮೂಲೆ ತುಂಬಿದವನೂ?"

"ಹೌದಜ್ಜ."

"ಒಂದೇ ಕೈ," ಅಂದ ಅಜ್ಜ. ಬೈದಂತೆಯೂ ಇರಲಿಲ್ಲ, ಹೊಗಳಿದಂತೆಯೂ ಇರಲಿಲ್ಲ. "ಇದು ಈ ಅಂಗೈಗೆ ಗೊತ್ತಾಗಲಿಲ್ಲ ನೋಡು."

ಪೆಟ್ಟಿಗೆ ಸರಿಯಾಗುವವರೆಗೆ ಊರಿಗೆ ನೀರಿರಲಿಲ್ಲ. ಕಂಠದವರೆಗೆ ತುಂಬಿಟ್ಟಿದ್ದ ಕೊಡಗಳು ತಳ ಕಂಡವು. ನೀರಿನವಳು ತಾನು ಕುಡಿಯುವುದರಲ್ಲೇ ಉಳಿಸಿ ಗುಂಡಿಗೆ ಹುಯ್ದಳು. ಗಂಟಿನವನು ಸುಟ್ಟ ತಂತಿ ಕಿತ್ತ, ಹೊಸ ತಂತಿ ಎಳೆದ, ಹೆಸರು ಬರೆದ. ಗಿರಣಿಯ ಸ್ವಿಚ್ಚನ್ನು ಬಿಚ್ಚಿ ಗಿರಣಿಯವನ ಕೈಗೆ ಕೊಟ್ಟ. ಗಿರಣಿಯವನು ಅದನ್ನು ಹಸುಗೂಸಿನ ಹಾಗೆ ಎತ್ತಿಕೊಂಡು, "ನನ್ನದೂ ಪಾಲಿದೆ ಅಣ್ಣ," ಅಂದ. "ಪೆಟ್ಟಿಗೆ ಬೇರೆ ಕಟ್ಟಿಸುತ್ತೇನೆ. ನೀನೇ ಕಟ್ಟು. ನಿನ್ನ ಗಂಟು ಬಿಚ್ಚಿದ್ದು ಬಿಚ್ಚಿದ್ದೇ, ಅದನ್ನು ಯಾರೂ ಎತ್ತಲ್ಲ."

ನಿಜ, ಯಾರೂ ಎತ್ತಲಿಲ್ಲ. ಮೋಟಾರು ಓಡಿತು, ಅಜ್ಜ ತಣ್ಣಗಿದೆ ಅಂದ, ಊರು ಒಂದು ಗಳಿಗೆ ತಡೆದು, ಕೇಳಿಸಿಕೊಂಡು, ತಣ್ಣಗಿದೆ ಅಂದಿತು. ಗಂಟಿನವನು ಮನೆಗೆ ಬಂದು ಮುದ್ದೆ ಕಟ್ಟಿಕೊಂಡು ಉಣ್ಣಲು ಕೂತ.

ಆಗ ಬಾಗಿಲು ತಳ್ಳಿಕೊಂಡು ಒಬ್ಬ ಮುದುಕ ಒಳಗೆ ಬಂದ. ಬೆನ್ನ ಮೇಲೆ ಸಾಣೆಕಲ್ಲು, ಹೆಗಲಲ್ಲೊಂದು ಚೀಲ. ಚಾಕು ಕತ್ತಿ ಮಸೆಯುತ್ತ ಊರೂರು ತಿರುಗುವವನು. ಪಾದಗಳಿಗೆ ಬಟ್ಟೆ ಸುತ್ತಿದ್ದ. ಕಲ್ಲನ್ನು ನೆಲಕ್ಕಿಳಿಸಿ ಗೋಡೆಗೊರಗಿ ಕಣ್ಣು ಮುಚ್ಚಿದ ಮೇಲೇ ಅವನಿಗೆ ಊಟದ ವಾಸನೆ ಬಡಿದದ್ದು. ಕಣ್ಣು ತೆರೆದು ತಟ್ಟೆ ನೋಡಿದ, ಹಗ್ಗದ ಮೇಲಿನ ಅಂಗಿ ನೋಡಿದ, ಗೂಡಿನಲ್ಲಿದ್ದ ಇಕ್ಕಳ ನೋಡಿದ.

"ತಪ್ಪಾಯಿತಪ್ಪ," ಅಂದ. "ಈ ಊರಲ್ಲಿ ಮೊಳೆ ಬರಿದಾಗಿದ್ದರೆ ಒಳಗೆ ಬರಬಹುದು ಅಂತ ಗುಡ್ಡದಾಚೆ ಹೇಳಿದರು. ನಾಲ್ಕು ಊರು ದಾಟಿ ಅದನ್ನೇ ನಂಬಿಕೊಂಡು ಬಂದೆ." ಏಳಲು ಹೋದ. ಮಂಡಿ ಏಳಲಿಲ್ಲ.

ಗಂಟಿನವನು ಆ ಮಂಡಿಗಳನ್ನು ನೋಡಿದ. ಅವಕ್ಕೆ ಬರುವ ಮಾತು ಅವನಿಗೆ ಗೊತ್ತಿತ್ತು.

"ಸರಿಯಾಗೇ ಹೇಳಿದ್ದಾರೆ," ಅಂದ. "ಕೂತ್ಕೊಳ್ಳಿ."

"ಮತ್ತೆ ಇದೆಲ್ಲ ಯಾರದು?"

"ಹೋಗುವವನದು. ಮುದ್ದೆ ಬಿಸಿ ಇದೆ, ಉಣ್ಣಿ."

ತಟ್ಟೆಯನ್ನು ಮುದುಕನ ಮುಂದಕ್ಕೆ ಸರಿಸಿ ಎದ್ದ. ಊರಿಗೆ ಸುದ್ದಿ ತಿಳಿಯುವ ಮೊದಲೇ ನೀರಿನವಳಿಗೆ ತಿಳಿದಿತ್ತು. ಕೊಡ ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಮನೆ ತುಂಬಿದೆ ಅನ್ನಬಹುದಿತ್ತಲ್ಲ. ಊರೇ ತುಂಬಿದ್ದು, ನೀನೊಬ್ಬನೇ ಅಲ್ಲ."

"ಅವನ ಕಾಲು ನೋಡಿದೆಯಾ?"

ಅವಳು ನೋಡಿದಳು. ಕೊಡವನ್ನು ಕೆಳಗಿಳಿಸಿದಳು. "ನನ್ನ ಮನೆಗೆ ಕರೀಬೇಕು ಅಂತ ಬಹಳ ದಿನದಿಂದ ಬಾಯಿಗೆ ಬರ್ತಿತ್ತು. ಅಲ್ಲಿರೋದೂ ಒಂದೇ ಖಾಲಿ ಮೂಲೆ. ಉಪ್ಪು ತರ್ತೀನಿ ಅಂತ ಹೋದವನದು." ನಕ್ಕಳೋ ಏನೋ. "ಅವತ್ತಿನಿಂದ ಉಪ್ಪು ನಾನೇ ತರ್ತಿದ್ದೀನಿ."

"ಇನ್ನೂ ಬಿಟ್ಟಿದ್ದೀಯಾ, ಮೂಲೆ?"

"ಬಿಡದೆ? ಬಂದವನು ನಿಂತುಕೊಂಡೇ ಇರ್ಬೇಕಾ?"

ಅವನಿಗೆ ಒಂದು ತಟ್ಟೆಯ ಮೇಲೆ ಮುಚ್ಚಿದ ಇನ್ನೊಂದು ತಟ್ಟೆ ಕಂಡಿತು. ಅಕ್ಕ ಅದನ್ನು ಆ ಸಂಜೆಯೇ ತೆಗೆದಿರುತ್ತಾಳೆ, ಯಾರು ಅಷ್ಟು ವರ್ಷ ಮುಚ್ಚಿಡುತ್ತಾರೆ. ತೆಗೆದಿರುತ್ತಾಳೆ. ಅವನು ಹಗ್ಗದ ಮೇಲಿನ ಅಂಗಿ ಎಳೆದುಕೊಂಡ.

ಬಟ್ಟೆ ಹಾಸಿದ. ಇಕ್ಕಳ ಇಟ್ಟ, ಸ್ಕ್ರೂಡ್ರೈವರು ಇಟ್ಟ, ಟೇಪು ಇಟ್ಟ, ಅಂಗಿ ಮಡಿಸಿ ಮೇಲಿಟ್ಟ. ನೀರಿನವಳು ಒಂದು ಹಿಡಿ ಉಪ್ಪು ತಂದು ಅದರ ಮೇಲೆ ಇಟ್ಟಳು. ಇನ್ನೂ ಸ್ವಲ್ಪ ಜಾಗ ಉಳಿದಿತ್ತು. ಅದನ್ನು ಹಾಗೇ ಬಿಟ್ಟ. ಹಿಂದೆ ಸಾಣೆಯ ಮುದುಕ ಅಂಗೈ ಗೋಡೆಗೂರಿ ಎದ್ದು, ತನ್ನ ಚೀಲವನ್ನು ಮೊಳೆಗೆ ತೂಗುಹಾಕುತ್ತಿದ್ದ. ಇಷ್ಟು ದಿನ ಬಿಚ್ಚಿ ಹರಡಿದ್ದರೂ ಬಟ್ಟೆಯ ಮೂಲೆಗಳಲ್ಲಿ ಹಳೆಯ ಗಂಟಿನ ಸುಕ್ಕು ಹೋಗಿರಲಿಲ್ಲ. ಎಲ್ಲಿ ಹಿಡಿಯಬೇಕು, ಎಲ್ಲಿ ಸುತ್ತಬೇಕು ಅಂತ ಬೆರಳಿಗೆ ಹೇಳಿಕೊಡಬೇಕಾಗಲಿಲ್ಲ. ಅವನು ಒಂದು ಸುತ್ತು ಸುತ್ತಿ ಎಳೆದ, ಮತ್ತೊಂದು ಸುತ್ತು ಸುತ್ತತೊಡಗಿದ.